ವೀರೋ ಕೋಶಗಳಲ್ಲಿ ನಿಯೋಸ್ಪೋರಾ ಕೃಷಿ: ಕಟ್ಟಿದ್ದು, ಕುಂಠಿತವಾದದ್ದು, ಸರಿಪಡಿಸಿದ್ದು

ದನಗಳು ದಿನ ತುಂಬುವ ಮೊದಲೇ ಕಂದು ಹಾಕುವುದಕ್ಕೆ ಕಾರಣವಾಗುವ ಜೀವಿಗಳಲ್ಲಿ ನಿಯೋಸ್ಪೋರಾ ಕ್ಯಾನಿನಮ್ ಎಂಬ ಏಕಕೋಶ ಪರೋಪಜೀವಿ ಪ್ರಮುಖವಾದದ್ದು. ಅದನ್ನು ಪ್ರಯೋಗಾಲಯದ ಕೋಶ ಕೃಷಿಯಲ್ಲಿ ಎಡೆಬಿಡದೆ ಬೆಳೆಸಿಕೊಂಡು ಬರುವ ವ್ಯವಸ್ಥೆಯೊಂದನ್ನು ಕಟ್ಟುವುದು ನಾನು ವಹಿಸಿಕೊಂಡ ಕೆಲಸ. ಪ್ರತಿಕಾಯ ಪರೀಕ್ಷೆಯ ಸ್ಲೈಡುಗಳಿಗೂ ಔಷಧಗಳ ಪರಿಣಾಮವನ್ನು ಅಳೆಯುವ ಪ್ರಯೋಗಗಳಿಗೂ, ಈ ಜೀವಿಯ ವೇಗವಾಗಿ ಹೆಚ್ಚುವ ಹಂತವಾದ, ಜೀವಂತ ಟ್ಯಾಕಿಜೋಯಿಟ್‌ಗಳು ಸದಾ ಕೈಗೆ ಸಿಗುವಂತಿರಬೇಕಿತ್ತು. ಕೃಷಿ ಮೊದಲು ನೆಲೆಗೊಂಡಂತೆ ಕಂಡಿತು, ಎರಡನೆಯ ಸುತ್ತಿನಲ್ಲಿ ಕುಂಠಿತವಾಯಿತು, ಕಾರಣ ಹುಡುಕಿ ಸರಿಪಡಿಸಿದ ಮೇಲೆ ಈಗ ಸ್ಥಿರವಾಗಿ ನಡೆಯುತ್ತಿದೆ. ಆ ಕಾರಣವನ್ನು ಹುಡುಕಿದ ದಾರಿ ಇದೇ ಕೆಲಸಕ್ಕೆ ಇಳಿಯುವವರಿಗೆ ಉಪಯೋಗವಾದೀತೆಂದು ಎಲ್ಲವನ್ನೂ ಇಲ್ಲಿ ಬರೆದಿಡುತ್ತಿದ್ದೇನೆ.

ಜೀವಿಯ ಆಯ್ಕೆ

ಸಾಕುಪ್ರಾಣಿಗಳ ಏಕಕೋಶ ಪರೋಪಜೀವಿಗಳೆಲ್ಲ ಕೃಷಿಗೆ ಒಂದೇ ರೀತಿ ಒಗ್ಗುವುದಿಲ್ಲ. ದನಗಳ ಜನನಾಂಗದಲ್ಲಿ ನೆಲೆಸುವ ಟ್ರೈಟ್ರೈಕೊಮೊನಾಸ್ ಫೀಟಸ್‌ಗೆ ಆಶ್ರಯಕ್ಕೆ ಕೋಶಗಳೇ ಬೇಕಿಲ್ಲ. ಪೋಷಕಾಂಶಗಳಿರುವ ದ್ರವದಲ್ಲಿಯೇ ಅದು ಬೆಳೆಯುತ್ತದೆ. ಬಬೇಸಿಯಾ ಬೋವಿಸ್‌ಗೆ ದನದ ಕೆಂಪು ರಕ್ತಕಣಗಳೇ ಆಗಬೇಕು. 1980ರಲ್ಲಿ ಲೆವಿ ಮತ್ತು ರಿಸ್ಟಿಕ್ ಅವರು ರಕ್ತಕಣಗಳನ್ನು ತಳದಲ್ಲಿ ತೆಳುವಾಗಿ ಕೂರಲು ಬಿಟ್ಟು, ಮೇಲಿನ ದ್ರವವನ್ನು ಕಲಕದೆ, ಆಮ್ಲಜನಕ ಕಡಿಮೆ ಇರುವಂತೆ ನೋಡಿಕೊಂಡು ಅದನ್ನು ನಿರಂತರವಾಗಿ ಬೆಳೆಸಿ ತೋರಿಸಿದರು. ಥೈಲೇರಿಯಾ ಆನ್ಯುಲೇಟಾ ತಾನು ಹೊಕ್ಕ ಬಿಳಿ ರಕ್ತಕಣವನ್ನೇ ಕೊನೆಯಿಲ್ಲದೆ ವಿಭಜಿಸುವಂತೆ ಮಾಡಿ, ಪ್ರತಿ ವಿಭಜನೆಯಲ್ಲೂ ತಾನು ಪಾಲಾಗಿ ಎರಡೂ ಮರಿಕೋಶಗಳಿಗೆ ಹಂಚಿಹೋಗುತ್ತದೆ. ಅಲ್ಲಿ ಕೋಶವನ್ನು ಸಾಕಿದರೆ ಪರೋಪಜೀವಿ ತಾನಾಗಿಯೇ ಜೊತೆಗೆ ಬರುತ್ತದೆ. ಕೋಳಿಗಳ ಐಮೀರಿಯಾ ಟೆನೆಲ್ಲಾ ದನದ ಮೂತ್ರಪಿಂಡದಿಂದ ಬಂದ ಕೋಶಗಳನ್ನು ಹೊಕ್ಕು ಮೊದಲ ಪೀಳಿಗೆಯನ್ನೇನೋ ಕೊಡುತ್ತದೆ, ಆದರೆ ಅದರ ಜೀವನಚಕ್ರ ಅಲ್ಲಿಂದ ಮುಂದೆ ಸಾಗುವುದು ಬಹಳ ಕಷ್ಟ.

ಇವುಗಳ ನಡುವೆ ನಿಯೋಸ್ಪೋರಾ ಕೃಷಿಕನಿಗೆ ಅನುಕೂಲಕರವಾದದ್ದು. ಅದರ ಟ್ಯಾಕಿಜೋಯಿಟ್ ಹಂತವು ತಳಕ್ಕೆ ಅಂಟಿ ಬೆಳೆಯುವ ಹಲವು ಬಗೆಯ ಸಸ್ತನಿ ಕೋಶಗಳನ್ನು ಹೊಕ್ಕು, ಒಳಗೇ ದ್ವಿಗುಣಗೊಳ್ಳುತ್ತ, ಕೋಶವನ್ನು ಒಡೆದು ಹೊರಬಂದು, ಪಕ್ಕದ ಕೋಶಗಳನ್ನು ಹೊಗುತ್ತದೆ. 1984ರಲ್ಲಿ ನಾರ್ವೆಯ ನಾಯಿಗಳಲ್ಲಿ ಇದು ಮೊದಲು ವರದಿಯಾದಾಗ ಟಾಕ್ಸೋಪ್ಲಾಸ್ಮಾ ಎಂಬ ಸಂಬಂಧಿ ಪರೋಪಜೀವಿಯನ್ನು ಹೋಲುವ, ಆದರೆ ಟಾಕ್ಸೋಪ್ಲಾಸ್ಮಾ ಅಲ್ಲದ ಜೀವಿಯೆಂದಷ್ಟೇ ತಿಳಿದಿತ್ತು. 1988ರಲ್ಲಿ ಜೆ. ಪಿ. ದುಬೆ ಮತ್ತು ಸಂಗಡಿಗರು ಅದಕ್ಕೆ ಈಗಿನ ಹೆಸರನ್ನಿಟ್ಟರು. ಸೋಂಕು ತಗುಲಿದ ನಾಯಿಮರಿಗಳಿಂದ ಕೋಶ ಕೃಷಿಯಲ್ಲಿ ಬೇರ್ಪಡಿಸಿದ ಎನ್‌ಸಿ-1 ತಳಿಯೂ ಅದೇ ವರ್ಷದ್ದು. ನಾಯಿ ಅದರ ಅಂತಿಮ ಆತಿಥೇಯ (ಜೀವನಚಕ್ರದ ಲೈಂಗಿಕ ಹಂತ ನಡೆಯುವ ಪ್ರಾಣಿ) ಎಂಬುದು 1998ರಲ್ಲಿ ಖಚಿತವಾಯಿತು. ಮನುಷ್ಯರಲ್ಲಿ ಇದು ರೋಗ ತರುತ್ತದೆಂಬುದು ಸಾಬೀತಾಗಿಲ್ಲ. ಹಾಗೆಂದು ಸಡಿಲ ಬಿಡದೆ ಎಲ್ಲ ಕೆಲಸವನ್ನೂ ಎರಡನೆಯ ಹಂತದ ಜೈವಿಕ ಸುರಕ್ಷತಾ ಕೊಠಡಿಯಲ್ಲಿ, ಸುರಕ್ಷತಾ ಕ್ಯಾಬಿನೆಟ್ಟಿನೊಳಗೇ ನಡೆಸಿದ್ದೇವೆ. ಬಳಸಿದ ದ್ರವ, ಫ್ಲಾಸ್ಕ್, ಪಿಪೆಟ್‌ಗಳೆಲ್ಲ 121 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆಟೋಕ್ಲೇವ್ ಆದ (ಒತ್ತಡದ ಹಬೆಯಲ್ಲಿ ಕ್ರಿಮಿಶುದ್ಧವಾದ) ಮೇಲೆಯೇ ಹೊರಹೋಗುತ್ತವೆ.

ಮೊದಲು ಕೋಶಗಳು

ಆಶ್ರಯಕ್ಕೆ ಆರಿಸಿಕೊಂಡದ್ದು ವೀರೋ ಕೋಶಗಳನ್ನು. 1962ರಲ್ಲಿ ಜಪಾನಿನ ಚಿಬಾ ವಿಶ್ವವಿದ್ಯಾಲಯದಲ್ಲಿ ಯಾಸುಮುರಾ ಮತ್ತು ಕವಾಕಿತಾ ಅವರು ಆಫ್ರಿಕಾದ ಹಸಿರು ಕೋತಿಯ ಮೂತ್ರಪಿಂಡದಿಂದ ಪಡೆದ ಈ ಕೋಶಗಳು ಇಂದಿಗೂ ಲಸಿಕೆ ಮತ್ತು ಸಂಶೋಧನೆಯ ಕೆಲಸಗಳಲ್ಲಿ ಬಳಕೆಯಲ್ಲಿವೆ. ಹೆಚ್ಚು ಆರೈಕೆ ಬೇಡದ, ತಳಕ್ಕೆ ಗಟ್ಟಿಯಾಗಿ ಅಂಟಿಕೊಂಡು ಒಂದೇ ಪದರವಾಗಿ ಹರಡುವ, ಪರೋಪಜೀವಿಯ ಹೊಡೆತವನ್ನು ಸಾಕಷ್ಟು ಹೊತ್ತು ತಡೆದುಕೊಳ್ಳುವ ಕೋಶಗಳಿವು.

ಆರ್‌ಪಿಎಂಐ 1640 ಎಂಬ ಪೋಷಕ ದ್ರವಕ್ಕೆ (ಮಾಧ್ಯಮಕ್ಕೆ) 10 ಶೇಕಡ ಭ್ರೂಣಕರುವಿನ ಸೀರಂ (ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಡುವ ದ್ರವ), 2 ಮಿಲಿಮೋಲಾರ್ ಗ್ಲುಟಮಿನ್, ಪ್ರತಿ ಮಿಲಿಲೀಟರಿಗೆ 100 ಯೂನಿಟ್ ಪೆನಿಸಿಲಿನ್ ಹಾಗೂ 100 ಮೈಕ್ರೋಗ್ರಾಂ ಸ್ಟ್ರೆಪ್ಟೊಮೈಸಿನ್ ಸೇರಿಸಿದೆ. ಇನ್‌ಕ್ಯುಬೇಟರ್ 37 ಡಿಗ್ರಿ ಮತ್ತು 5 ಶೇಕಡ ಇಂಗಾಲದ ಡೈಆಕ್ಸೈಡ್‌ಗೆ ಹೊಂದಿಸಿತ್ತು. ಈ ಅನಿಲ ಕೋಶಗಳ ಉಸಿರಾಟಕ್ಕೆಂದು ಕೊಡುವುದಲ್ಲ. ಮಾಧ್ಯಮದಲ್ಲಿರುವ ಬೈಕಾರ್ಬೊನೇಟ್ ಜೊತೆ ಸಮತೋಲ ಹಿಡಿದು ಆಮ್ಲ–ಕ್ಷಾರ ಮಟ್ಟವನ್ನು ಕಾಯುವುದು ಅದರ ಕೆಲಸ. ಮಾಧ್ಯಮದ ಫೀನಾಲ್ ರೆಡ್ ಬಣ್ಣವೇ ಮೊದಲ ಸೂಚಕ: ಹಳದಿಗೆ ತಿರುಗಿದರೆ ಆಮ್ಲ ಹೆಚ್ಚಿದೆ, ನೇರಳೆ ಛಾಯೆಯ ಗುಲಾಬಿಗೆ ತಿರುಗಿದರೆ ಅನಿಲ ಸಾಲುತ್ತಿಲ್ಲ.

25 ಚದರ ಸೆಂಟಿಮೀಟರಿನ ಫ್ಲಾಸ್ಕಿನ ತಳವನ್ನು ಕೋಶಗಳು ಪೂರ್ತಿ ಮುಚ್ಚಿದ ಮೇಲೆ ಪ್ರೋಟೀನನ್ನು ಕತ್ತರಿಸುವ ಕಿಣ್ವವಾದ ಟ್ರಿಪ್ಸಿನ್ ಹಾಕಿ ಬಿಡಿಸಿ ನಾಲ್ಕು ಫ್ಲಾಸ್ಕುಗಳಿಗೆ ಹಂಚುವುದು ನನ್ನ ರೂಢಿ. ಟ್ರಿಪ್ಸಿನ್ ಹಾಕುವ ಮುನ್ನ ತಳವನ್ನು ಫಾಸ್ಫೇಟ್ ಲವಣದ್ರಾವಣದಿಂದ ಚೆನ್ನಾಗಿ ತೊಳೆಯಲೇಬೇಕು, ಏಕೆಂದರೆ ಸೀರಂನಲ್ಲಿರುವ ಪ್ರೋಟೀನ್‌ಗಳು ಟ್ರಿಪ್ಸಿನ್ ಕೆಲಸವನ್ನು ತಡೆಯುತ್ತವೆ. ಕೋಶಗಳು ದುಂಡಗಾಗಿ, ಫ್ಲಾಸ್ಕನ್ನು ಮೆಲ್ಲನೆ ತಟ್ಟಿದರೆ ಜಾರುವ ಸ್ಥಿತಿಗೆ ಬಂದೊಡನೆ ಸೀರಂ ಇರುವ ಮಾಧ್ಯಮ ಸುರಿದು ಟ್ರಿಪ್ಸಿನ್ನನ್ನು ನಿಲ್ಲಿಸುತ್ತೇನೆ.

ಪರೋಪಜೀವಿಯನ್ನು ತರುವ ಮೊದಲೇ ಕೋಶಗಳಿಗೆ ಮೈಕೊಪ್ಲಾಸ್ಮಾ ಪರೀಕ್ಷೆ ಮಾಡಿಸಿದೆ. ಕೋಶ ಕೃಷಿಯ ಅತ್ಯಂತ ಕೆಟ್ಟ ಅತಿಥಿ ಇದೇ. ಕೋಶಭಿತ್ತಿಯೇ ಇಲ್ಲದ ಈ ಬ್ಯಾಕ್ಟೀರಿಯಾಕ್ಕೆ ಪೆನಿಸಿಲಿನ್ ನಾಟುವುದಿಲ್ಲ, 0.22 ಮೈಕ್ರೋಮೀಟರಿನ ಸೋಸುಕವನ್ನೂ ಅದು ದಾಟಬಲ್ಲದು, ಮಾಧ್ಯಮವನ್ನು ಕದಡುವುದೂ ಇಲ್ಲ. ಹೆಕ್ಸ್ಟ್ ಬಣ್ಣ ಹಾಕಿ ನೋಡಿದಾಗ ಕೋಶಕೇಂದ್ರದ ಹೊರಗೆ, ಕೋಶದ ಅಂಚಿನುದ್ದಕ್ಕೂ ನೀಲಿ ಚುಕ್ಕೆಗಳು ಕಂಡರೆ ಆ ಕೃಷಿಯನ್ನು ನೇರವಾಗಿ ಆಟೋಕ್ಲೇವಿಗೆ ಕಳುಹಿಸುವುದೇ ಸರಿ. ನಮ್ಮ ಕೋಶಗಳಲ್ಲಿ ಚುಕ್ಕೆಗಳಿರಲಿಲ್ಲ. ಡಿಎನ್ಎ ಹುಡುಕುವ ಪಿಸಿಆರ್ ಪರೀಕ್ಷೆ ಕೂಡ ಅದನ್ನೇ ಹೇಳಿತು.

ಪರೋಪಜೀವಿಯನ್ನು ಎಬ್ಬಿಸಿದ್ದು

ದ್ರವ ಸಾರಜನಕದಲ್ಲಿದ್ದ ಎನ್‌ಸಿ-1 ಕುಪ್ಪಿಯನ್ನು 37 ಡಿಗ್ರಿಯ ನೀರಿನಲ್ಲಿ ಆಡಿಸುತ್ತ, ಒಳಗೆ ಸಣ್ಣ ಮಂಜಿನ ಚೂರು ಉಳಿದಿರುವಾಗಲೇ ಹೊರತೆಗೆದು, ಹೊರಮೈಯನ್ನು ಆಲ್ಕೋಹಾಲಿನಿಂದ ಒರೆಸಿ ತೆರೆದೆ. ಹೆಪ್ಪುಗಟ್ಟಿಸುವಾಗ ಜೀವಿಗಳನ್ನು ಕಾಪಾಡುವ ಡಿಎಂಎಸ್ಒ ಕರಗಿದ ಮೇಲೆ ಅವುಗಳಿಗೇ ವಿಷವಾಗುತ್ತದೆ. ಆದ್ದರಿಂದ ಬೆಚ್ಚಗಿನ ಮಾಧ್ಯಮವನ್ನು ಮೊದಲು ಹನಿಹನಿಯಾಗಿ, ಆಮೇಲೆ ಧಾರಾಳವಾಗಿ ಸೇರಿಸಿ, ಗುರುತ್ವದ 1,000 ಪಟ್ಟು ಬಲದಲ್ಲಿ 10 ನಿಮಿಷ ತಿರುಗಿಸಿ, ಮೇಲಿನ ದ್ರವ ತೆಗೆದುಹಾಕಿದೆ. ತಳದಲ್ಲಿ ಉಳಿದದ್ದನ್ನು ಸೀರಂ ಇಲ್ಲದ ಮಾಧ್ಯಮದಲ್ಲಿ ಕಲಸಿ, ಹಿಂದಿನ ದಿನ ಹಚ್ಚಿದ ವೀರೋ ಪದರದ ಮೇಲೆ ಸುರಿದು 4 ಗಂಟೆ ಬಿಟ್ಟೆ. ಸೀರಂ ಇಲ್ಲದ ಮಾಧ್ಯಮವನ್ನು ಆರಿಸಿದ್ದು ಡಿಎಂಎಸ್ಒದಿಂದ ಬಳಲಿದ ಜೀವಿಗಳು ಆದಷ್ಟು ಬೇಗ ಕೋಶಗಳ ಮೇಲೆ ಕೂರಲೆಂದು. ಮುಂದೆ ಕಾರಣ ಹುಡುಕುವಾಗ ಈ ಚಿಕ್ಕ ವಿವರವೇ ದೊಡ್ಡ ಸುಳಿವಾಯಿತು. ನಾಲ್ಕು ಗಂಟೆಗಳ ನಂತರ ತೊಳೆದು 10 ಶೇಕಡ ಸೀರಂ ಇರುವ ಮಾಧ್ಯಮ ಕೊಟ್ಟೆ.

ಮರುದಿನ ತಲೆಕೆಳಗಾದ ಸೂಕ್ಷ್ಮದರ್ಶಕದಲ್ಲಿ ಕೋಶಗಳ ಒಳಗೆ ಸಣ್ಣ ಗುಳ್ಳೆಗಳು ಕಾಣತೊಡಗಿದವು. ಟ್ಯಾಕಿಜೋಯಿಟ್ ಕೋಶವನ್ನು ಹೊಗುವಾಗಲೇ ಅದರ ಪೊರೆಯನ್ನು ಒಳಕ್ಕೆ ಒತ್ತಿಕೊಂಡು ತನ್ನ ಸುತ್ತ ಒಂದು ಗುಳ್ಳೆ ಕಟ್ಟಿಕೊಳ್ಳುತ್ತದೆ. ಕೋಶದ ಜೀರ್ಣಕ ದ್ರವಗಳು ಆ ಗುಳ್ಳೆಯೊಳಕ್ಕೆ ಬರುವುದಿಲ್ಲ. ಒಂದು ತಾಯಿಜೀವಿಯ ಒಡಲೊಳಗೇ ಎರಡು ಮರಿಗಳು ರೂಪುಗೊಂಡು ತಾಯಿಯನ್ನು ಸವೆಸಿ ಹೊರಬರುತ್ತವೆ. ಹೀಗೆ ಎರಡು, ನಾಲ್ಕು, ಎಂಟಾಗಿ ಗುಳ್ಳೆ ತುಂಬುತ್ತದೆ. ಮಾಧ್ಯಮ ತೆಗೆದು, ಮೆಥನಾಲಿನಲ್ಲಿ ಸ್ಥಿರಗೊಳಿಸಿ, ಜೀಮ್ಸಾ ಬಣ್ಣ ಹಾಕಿದ ಕವರ್‌ಸ್ಲಿಪ್ಪಿನಲ್ಲಿ ಈ ಜೀವಿಗಳು ಬಿದಿಗೆಯ ಚಂದ್ರನಂತೆ ಬಾಗಿ, ನೀಲಿ ಮೈಯ ನಡುವೆ ಕೆನ್ನೇರಳೆ ಕೇಂದ್ರ ಹೊತ್ತು, ಸುಮಾರು 6 ಮೈಕ್ರೋಮೀಟರ್ ಉದ್ದ, 2 ಮೈಕ್ರೋಮೀಟರ್ ಅಗಲಕ್ಕೆ ಸ್ಪಷ್ಟವಾಗಿ ಕಂಡವು. ಮೂರನೆಯ ದಿನಕ್ಕೆ ಗುಳ್ಳೆಗಳು ಕೋಶದ ಬಹುಭಾಗವನ್ನು ತುಂಬಿಕೊಂಡವು, ಅಲ್ಲಲ್ಲಿ ಕೋಶಗಳು ಒಡೆದು ಜೀವಿಗಳು ಹೊರಬಿದ್ದವು. ಇಲ್ಲಿಯವರೆಗೆ ಎಲ್ಲವೂ ಬೇಕಾದಂತೆಯೇ ಇತ್ತು.

ಎರಡನೆಯ ಸುತ್ತು

ತೊಂದರೆ ಕಂಡದ್ದು ಇದಾದ ಮೇಲೆ. ಒಡೆದ ಕೋಶಗಳ ಸುತ್ತ ಹೊಸ ಗುಳ್ಳೆಗಳು ಹರಡಿ ಪದರದಲ್ಲಿ ತೂತುಗಳು ದೊಡ್ಡದಾಗುತ್ತ ಹೋಗಬೇಕು. ನಮ್ಮ ಫ್ಲಾಸ್ಕಿನಲ್ಲಿ ತೂತುಗಳು ಇದ್ದಷ್ಟೇ ಉಳಿದವು, ಸುತ್ತಲಿನ ವೀರೋ ಕೋಶಗಳು ಆರೋಗ್ಯವಾಗಿ ಬೆಳೆದು ಅವನ್ನು ಮುಚ್ಚಿಯೂ ಬಿಟ್ಟವು. ಜೀವಿಗಳನ್ನು ಕೆರೆದು ತೆಗೆದು ಹೊಸ ಪದರಕ್ಕೆ ವರ್ಗಾಯಿಸಿದರೆ ಸೋಂಕು ಇನ್ನಷ್ಟು ಕ್ಷೀಣಿಸುತ್ತಿತ್ತು.

ಇಂಥ ಲಕ್ಷಣಕ್ಕೆ ಕಾರಣಗಳು ಹಲವು ಇರಬಹುದು. ಒಂದು, ಕೊಯ್ಲಿನ ಸಮಯ. ಟ್ಯಾಕಿಜೋಯಿಟ್ ಕೋಶದ ಹೊರಗೆ ಬಹಳ ಹೊತ್ತು ಬಾಳುವುದಿಲ್ಲ. ಒಡೆದು ಹೊರಬಂದು ಗಂಟೆಗಟ್ಟಲೆ ಮಾಧ್ಯಮದಲ್ಲಿ ತೇಲುತ್ತಿದ್ದವನ್ನು ತೆಗೆದು ಹೊಸ ಪದರಕ್ಕೆ ಹಾಕಿದರೆ ಎಣಿಕೆ ಎಷ್ಟೇ ದೊಡ್ಡದಿದ್ದರೂ ಫಲವಿಲ್ಲ. ಆದ್ದರಿಂದ ಕೋಶಗಳಲ್ಲಿ ಹೆಚ್ಚಿನವು ಇನ್ನೂ ಒಡೆಯದೆ ತುಂಬಿಕೊಂಡಿರುವಾಗಲೇ ಪದರವನ್ನು ಕೆರೆದು, ಮೊಂಡು ತುದಿಯ 25 ಗೇಜ್ ಸೂಜಿಯಲ್ಲಿ ಹಾಯಿಸಿ ಜೀವಿಗಳನ್ನು ಬಿಡಿಸಿಕೊಂಡು, 5 ಮೈಕ್ರೋಮೀಟರಿನ ಸೋಸುಕದಲ್ಲಿ ಕೋಶದ ಚೂರುಗಳನ್ನು ತೆಗೆದು, ತಡಮಾಡದೆ ಹೊಸ ಪದರಕ್ಕೆ ಕೊಟ್ಟೆ. ಚೌಕಗಳ ಗೆರೆಯಿರುವ ಎಣಿಕೆಯ ಗಾಜಾದ ನ್ಯೂಬಾರ್ ಕೊಠಡಿಯಲ್ಲಿ ಎಣಿಸುವಾಗ ದೊಡ್ಡ ಚೌಕವೊಂದರ ಸರಾಸರಿಯನ್ನು ತೆಳುಗೊಳಿಸಿದ ಪ್ರಮಾಣದಿಂದಲೂ 10,000ದಿಂದಲೂ ಗುಣಿಸಿದರೆ ಮಿಲಿಲೀಟರಿನ ಲೆಕ್ಕ ಬರುತ್ತದೆ. ಎರಡು ವೀರೋ ಕೋಶಕ್ಕೆ ಒಂದು ಟ್ಯಾಕಿಜೋಯಿಟ್‌ನಂತೆ ಹಾಕಿದೆ. ಪೊರೆ ಹರಿದ ಜೀವಿಗಳಿಗೆ ಮಾತ್ರ ಹಿಡಿಯುವ ಟ್ರಿಪಾನ್ ನೀಲಿ ಬಣ್ಣ ಹಾಕಿದಾಗ ಬಹುತೇಕ ಜೀವಿಗಳು ಬಣ್ಣ ಹೀರದೆ ಹೊಳೆಯುತ್ತಿದ್ದವು. ಆದರೂ ಸೋಂಕು ಹಿಡಿಯಲಿಲ್ಲ.

ಎರಡನೆಯ ಅನುಮಾನ ಬ್ಯಾಕ್ಟೀರಿಯಾನಾಶಕಗಳ ಮೇಲೆ. ನಿಯೋಸ್ಪೋರಾ ಸೇರಿದ ಬಳಗದ ಜೀವಿಗಳಲ್ಲಿ ಎಪಿಕೊಪ್ಲಾಸ್ಟ್ ಎಂಬ ಅಂಗಕವಿದೆ. ಬಹಳ ಹಿಂದೆ ಪೂರ್ವಜ ಜೀವಿಯೊಂದು ನುಂಗಿದ ಪಾಚಿಯ ಅವಶೇಷವದು, ಬಣ್ಣ ಕಳೆದುಕೊಂಡರೂ ತನ್ನದೇ ಡಿಎನ್ಎ ಮತ್ತು ಬ್ಯಾಕ್ಟೀರಿಯಾದ ಮಾದರಿಯ ಪ್ರೋಟೀನ್ ತಯಾರಿಕೆಯನ್ನು ಉಳಿಸಿಕೊಂಡಿದೆ. ಆದ್ದರಿಂದ ಬ್ಯಾಕ್ಟೀರಿಯಾಕ್ಕೆಂದು ಹಾಕಿದ ಕ್ಲಿಂಡಮೈಸಿನ್, ಅಜಿಥ್ರೊಮೈಸಿನ್‌ನಂಥ ಔಷಧಗಳು ಪರೋಪಜೀವಿಗೂ ತಾಗುತ್ತವೆ. ಟಾಕ್ಸೋಪ್ಲಾಸ್ಮಾದಲ್ಲಿ ಚೆನ್ನಾಗಿ ಅಧ್ಯಯನವಾಗಿರುವ ಈ ಪರಿಣಾಮದ ವಿಶೇಷವೆಂದರೆ ಅದು ಕೂಡಲೇ ತೋರುವುದಿಲ್ಲ: ಔಷಧ ತಾಗಿದ ಜೀವಿ ಮೊದಲ ಕೋಶದಲ್ಲಿ ಎಂದಿನಂತೆ ಬೆಳೆದು, ಹೊರಬಂದು, ಎರಡನೆಯ ಕೋಶವನ್ನು ಹೊಕ್ಕ ಮೇಲೆ ಅಲ್ಲಿ ಬೆಳೆಯಲಾರದೆ ಸಾಯುತ್ತದೆ. ನಮಗೆ ಕಂಡದ್ದೂ ಮೊದಲ ಸುತ್ತಿನಲ್ಲಿ ಸಮೃದ್ಧಿ, ಎರಡನೆಯದರಲ್ಲಿ ಸೋಲು. ಮೇಲುನೋಟಕ್ಕೆ ಎರಡಕ್ಕೂ ಹೋಲಿಕೆ ಇದೆ. ನಮ್ಮ ಮಾಧ್ಯಮದಲ್ಲಿ ಪೆನಿಸಿಲಿನ್ ಮತ್ತು ಸ್ಟ್ರೆಪ್ಟೊಮೈಸಿನ್ ಮಾತ್ರ ಇದ್ದವು, ಇವು ಈ ಬಳಗದ ಕೃಷಿಗೆ ಎಲ್ಲೆಡೆ ಬಳಕೆಯಲ್ಲಿರುವಂಥವು. ಆದರೂ ಎರಡನ್ನೂ ಬಿಟ್ಟು ಒಂದು ಸಮಾಂತರ ಫ್ಲಾಸ್ಕ್ ನಡೆಸಿ ನೋಡಿದೆ, ಫಲಿತಾಂಶ ಬದಲಾಗಲಿಲ್ಲ.

ಇಲ್ಲಿ ಕೈಹಿಡಿದದ್ದು ಜೀಮ್ಸಾ ಬಣ್ಣದ ಕವರ್‌ಸ್ಲಿಪ್ಪುಗಳನ್ನು ಆತುರಪಡದೆ ಎಣ್ಣೆಯ ಮಸೂರದಲ್ಲಿ ನೋಡಿದ ಕೆಲಸ. ತಡವಾಗಿ ಕೊಲ್ಲುವ ಔಷಧದ ಪ್ರಭಾವವಿದ್ದಿದ್ದರೆ ಎರಡನೆಯ ಸುತ್ತಿನಲ್ಲಿ ಗುಳ್ಳೆಗಳು ಸಾಕಷ್ಟು ಇರಬೇಕಿತ್ತು, ಆದರೆ ಪ್ರತಿಯೊಂದರಲ್ಲೂ ಒಂದೋ ಎರಡೋ ಸೊರಗಿದ ಜೀವಿಗಳಿರಬೇಕಿತ್ತು. ನಮ್ಮ ಕವರ್‌ಸ್ಲಿಪ್ಪುಗಳಲ್ಲಿ ಕಂಡದ್ದು ಇದಕ್ಕೆ ತದ್ವಿರುದ್ಧ. ಗುಳ್ಳೆಗಳ ಸಂಖ್ಯೆಯೇ ತೀರ ವಿರಳ; ಆದರೆ ಹೇಗೋ ಒಳಹೊಕ್ಕ ಜೀವಿಗಳು ಎಂಟು, ಹದಿನಾರಾಗಿ ಚೆನ್ನಾಗಿಯೇ ಬೆಳೆದಿದ್ದವು. ಅಂದರೆ ಬೆಳವಣಿಗೆಗೆ ಅಡ್ಡಿ ಇರಲಿಲ್ಲ, ಅಡ್ಡಿ ಇದ್ದದ್ದು ಒಳಹೊಗುವುದಕ್ಕೆ. ಜೊತೆಗೆ, ಕೋಶಗಳ ನಡುವೆ ಉಳಿದ ಟ್ಯಾಕಿಜೋಯಿಟ್‌ಗಳು ಬಿಡಿಬಿಡಿಯಾಗಿರದೆ ಒಂದಕ್ಕೊಂದು ಅಂಟಿ ಗುಂಪುಗೂಡಿದ್ದವು. ಕೋಶದ ಒಳಗಿರುವಾಗ ಸುರಕ್ಷಿತವಾಗಿದ್ದು, ಹೊರಬಂದೊಡನೆ ಮಾಧ್ಯಮದಲ್ಲಿರುವ ಯಾವುದೋ ವಸ್ತು ಅವುಗಳ ಮೈಗೆ ಮೆತ್ತಿಕೊಳ್ಳುತ್ತಿದೆಯೆಂದು ಅರ್ಥಮಾಡಿಕೊಳ್ಳಬೇಕಾಯಿತು. ಮೊದಲ ಸುತ್ತಿನ ಯಶಸ್ಸಿಗೂ ಇದರಿಂದ ಉತ್ತರ ಸಿಕ್ಕಿತು: ಕುಪ್ಪಿಯಿಂದ ಬಂದ ಜೀವಿಗಳು ಕೋಶಗಳನ್ನು ಹೊಕ್ಕದ್ದು ಸೀರಂ ಇಲ್ಲದ ಮಾಧ್ಯಮದಲ್ಲಿ. ಸೀರಂ ಬರುವ ಹೊತ್ತಿಗೆ ಅವು ಒಳಗೆ ಸೇರಿಯಾಗಿತ್ತು.

ಸೀರಂ

ಭ್ರೂಣಕರುವಿನ ಸೀರಂನಲ್ಲಿ ಪ್ರತಿಕಾಯಗಳು ಇರುವುದಿಲ್ಲವೆಂಬುದು ಕೋಶ ಕೃಷಿಯವರೆಲ್ಲ ಒಪ್ಪಿಕೊಂಡು ಬಂದ ಮಾತು, ಬಹುಮಟ್ಟಿಗೆ ಅದು ನಿಜವೂ ಹೌದು. ಹಸುವಿನ ಮಾಸಿನ ರಚನೆ ತಾಯಿಯ ಪ್ರತಿಕಾಯಗಳನ್ನು ಕರುವಿಗೆ ದಾಟಿಸುವುದಿಲ್ಲ. ಕರು ಅವನ್ನು ಪಡೆಯುವುದು ಹುಟ್ಟಿದ ಮೇಲೆ ಗಿಣ್ಣುಹಾಲಿನಿಂದ. ಆದರೆ ನಿಯೋಸ್ಪೋರಾದ ವಿಷಯದಲ್ಲಿ ಈ ನಂಬಿಕೆಗೆ ಒಂದು ಬಿರುಕಿದೆ. ಈ ಪರೋಪಜೀವಿ ತಾಯಿಯಿಂದ ಭ್ರೂಣಕ್ಕೆ ಗರ್ಭದಲ್ಲೇ ದಾಟುತ್ತದೆ, ಪೀಳಿಗೆಯಿಂದ ಪೀಳಿಗೆಗೆ ಅದು ಉಳಿದುಕೊಂಡು ಬರುವ ಮುಖ್ಯ ದಾರಿಯೇ ಅದು. ಸೋಂಕು ತಗುಲಿದ ಭ್ರೂಣಗಳೆಲ್ಲ ಸಾಯುವುದಿಲ್ಲ. ಹೆಚ್ಚಿನವು ಬದುಕಿ ಮೇಲ್ನೋಟಕ್ಕೆ ಆರೋಗ್ಯವಾಗಿಯೇ ಹುಟ್ಟುತ್ತವೆ. ಗರ್ಭದ ನಡುಗಾಲ ಕಳೆದ ಭ್ರೂಣ ಸೋಂಕಿಗೆ ಪ್ರತಿಯಾಗಿ ತನ್ನದೇ ಪ್ರತಿಕಾಯಗಳನ್ನು ತಯಾರಿಸಬಲ್ಲದು. ಹಲವು ಭ್ರೂಣಗಳ ರಕ್ತವನ್ನು ಕೂಡಿಸಿ ತಯಾರಿಸುವ ಸೀರಂನಲ್ಲಿ ಅಂಥ ಭ್ರೂಣಗಳ ಪಾಲು ಸೇರಿದ್ದರೆ ನಿಯೋಸ್ಪೋರಾ ವಿರುದ್ಧದ ಪ್ರತಿಕಾಯ ಆ ಬಾಟಲಿಯಲ್ಲಿ ಇದ್ದೇ ಇರುತ್ತದೆ.

ಸೀರಂ ಜೊತೆ ಬಂದ ಪ್ರಮಾಣಪತ್ರದಲ್ಲಿ ಎಂಡೊಟಾಕ್ಸಿನ್, ಹಿಮೊಗ್ಲೋಬಿನ್, ಮೈಕೊಪ್ಲಾಸ್ಮಾ, ದನಗಳ ವೈರಲ್ ಅತಿಸಾರದ ವೈರಸ್ ಇವುಗಳ ಪರೀಕ್ಷೆ ನಮೂದಾಗಿತ್ತು. ನಿಯೋಸ್ಪೋರಾ ಪ್ರತಿಕಾಯದ ಮಾತು ಇರಲಿಲ್ಲ. ಸಾಮಾನ್ಯ ಕೋಶ ಕೃಷಿಗೆ ಅದು ಬೇಕಾಗುವುದೂ ಇಲ್ಲ. 56 ಡಿಗ್ರಿಯಲ್ಲಿ 30 ನಿಮಿಷ ಬಿಸಿಮಾಡಿದ ಸೀರಂ ಅದು ಎಂಬ ಸಮಾಧಾನಕ್ಕೂ ಇಲ್ಲಿ ಅರ್ಥವಿಲ್ಲ. ಆ ಶಾಖ ರೋಗಾಣುಗಳನ್ನು ಎದುರಿಸುವ ಕಾಂಪ್ಲಿಮೆಂಟ್ ಎಂಬ ರಕ್ತದ ಪ್ರೋಟೀನ್‌ಗಳನ್ನು ನಿಷ್ಕ್ರಿಯಗೊಳಿಸುತ್ತದೆ. ಐಜಿಜಿ ಎಂಬ ಬಗೆಯ ಪ್ರತಿಕಾಯಗಳು ಅದನ್ನು ತಾಳಿಕೊಂಡು ಕೆಲಸ ಮಾಡುತ್ತಲೇ ಇರುತ್ತವೆ.

ಅನುಮಾನವನ್ನು ಮೂರು ಬಗೆಯಲ್ಲಿ ಪರೀಕ್ಷಿಸಿದೆ. ಮೊದಲನೆಯದು ಅತ್ಯಂತ ಸರಳ: ಒಂದೇ ಟ್ಯಾಕಿಜೋಯಿಟ್ ದ್ರಾವಣವನ್ನು ಆರು ಗುಂಡಿಗಳ ತಟ್ಟೆಯಲ್ಲಿ ಹಂಚಿ, ಹಳೆಯ ಸೀರಂ 10, 5, 2 ಶೇಕಡ ಮತ್ತು ಸೀರಂ ಇಲ್ಲದ ಮಾಧ್ಯಮ ಹೀಗೆ ಬೇರೆ ಬೇರೆ ಕೊಟ್ಟು, ಮರುದಿನ ಬಣ್ಣ ಹಾಕಿ ಗುಳ್ಳೆಗಳನ್ನು ಎಣಿಸುವುದು. ಸೀರಂ ಕಡಿಮೆಯಾದಂತೆ ಸೋಂಕು ಏರುತ್ತ ಹೋಯಿತು. ಸೀರಂ ಎಂದರೆ ಪೋಷಣೆ ಎಂದುಕೊಂಡರೆ ಈ ಫಲಿತಾಂಶ ತಲೆಕೆಳಗಾಗಿ ಕಾಣುತ್ತದೆ. ಪ್ರತಿಕಾಯವೆಂದುಕೊಂಡರೆ ನೇರವಾಗಿ ಕಾಣುತ್ತದೆ.

ಎರಡನೆಯದು ಪ್ರತಿದೀಪ್ತಿ ಪರೀಕ್ಷೆ, ಅಂದರೆ ಜೀವಿಗೆ ಅಂಟಿದ ಪ್ರತಿಕಾಯವನ್ನು ಹೊಳೆಯುವ ಬಣ್ಣದಿಂದ ಗುರುತಿಸುವುದು. ಟ್ಯಾಕಿಜೋಯಿಟ್‌ಗಳನ್ನು ಸ್ಲೈಡಿನ ಮೇಲೆ ಒಣಗಿಸಿ ಸ್ಥಿರಗೊಳಿಸಿ, ಆ ಸೀರಂನ್ನು ತೆಳುಗೊಳಿಸಿ ಹಾಕಿ, ತೊಳೆದು, ದನದ ಐಜಿಜಿಯನ್ನು ಹಿಡಿಯುವ, ಫ್ಲೂರೆಸೀನ್ ಜೋಡಿಸಿದ ಎರಡನೆಯ ಪ್ರತಿಕಾಯ ಹಾಕಿದೆ. ಇಲ್ಲಿ ತೆಳುಗೊಳಿಸುವ ಪ್ರಮಾಣ ಮುಖ್ಯ. ಬೆಳೆದ ದನದ ಸೀರಂಗೆ ಸಾಮಾನ್ಯವಾಗಿ 1:200 ಬಳಸುತ್ತಾರೆ. ಭ್ರೂಣದ ದ್ರವಗಳಲ್ಲಿ ಪ್ರತಿಕಾಯ ಕಡಿಮೆ ಇರುವುದರಿಂದ 1:25ರಷ್ಟಕ್ಕೆ ಇಳಿಯಬೇಕಾಗುತ್ತದೆ. ಹಲವು ಭ್ರೂಣಗಳ ರಕ್ತದಲ್ಲಿ ಬೆರೆತು ಇನ್ನೂ ತೆಳುವಾಗಿರುವ ಪ್ರತಿಕಾಯವನ್ನು ಹುಡುಕುವಾಗ ಅದಕ್ಕೂ ಕಡಿಮೆ ತೆಳುಗೊಳಿಸುವುದು ಅಗತ್ಯವೆಂದು 1:10ರಿಂದ ಆರಂಭಿಸಿದೆ. ಓದುವಾಗಲೂ ಎಚ್ಚರ ಬೇಕು: ಜೀವಿಯ ಮುಂತುದಿ ಮಾತ್ರ ಹೊಳೆದರೆ ಅದನ್ನು ಧನಾತ್ಮಕವೆಂದು ಎಣಿಸುವುದಿಲ್ಲ, ಸಂಬಂಧಿ ಜೀವಿಗಳ ಪ್ರತಿಕಾಯಗಳೂ ಅಷ್ಟನ್ನು ತೋರಬಲ್ಲವು. ಇಡೀ ಮೈಯ ಅಂಚು ಮುರಿಯದ ಹಸಿರು ಗೆರೆಯಾಗಿ ಬೆಳಗಬೇಕು. ನಮ್ಮ ಸೀರಂ ಹಾಕಿದ ಸ್ಲೈಡಿನಲ್ಲಿ ಆ ಗೆರೆ ಮಂದವಾಗಿಯಾದರೂ ಪೂರ್ತಿಯಾಗಿ ಇತ್ತು.

ಮೂರನೆಯದು ಪ್ರತಿಕಾಯವನ್ನೇ ತೆಗೆದು ನೋಡುವುದು. ಸೀರಂನ ಒಂದು ಪಾಲನ್ನು ಪ್ರತಿಕಾಯಗಳನ್ನು ಹಿಡಿದಿಟ್ಟುಕೊಳ್ಳುವ ಪ್ರೋಟೀನ್ ಜಿ ಕಾಲಮ್ಮಿನಲ್ಲಿ ಹಾಯಿಸಿದೆ. ಪ್ರೋಟೀನ್ ಎ ಇಲ್ಲಿ ಸಾಲದು, ದನದ ಐಜಿಜಿ-1ನ್ನು ಅದು ಗಟ್ಟಿಯಾಗಿ ಹಿಡಿಯುವುದಿಲ್ಲ. ಹಾಯಿಸಿ ಹೊರಬಂದ ಸೀರಂನ್ನು ಮತ್ತೆ ಕ್ರಿಮಿರಹಿತವಾಗಿ ಸೋಸಿ 10 ಶೇಕಡ ಸೇರಿಸಿದ ಗುಂಡಿಗಳಲ್ಲಿ ಸೋಂಕು ಸೀರಂ ಇಲ್ಲದ ಗುಂಡಿಗಳಷ್ಟೇ ಚೆನ್ನಾಗಿ ಹಿಡಿಯಿತು, ಜೀವಿಗಳು ಗುಂಪುಗೂಡುವುದೂ ನಿಂತಿತು. ಇಷ್ಟಾದ ಮೇಲೆ ಬೇರೆ ಕಾರಣ ಹುಡುಕುವ ಅಗತ್ಯ ಉಳಿಯಲಿಲ್ಲ.

ಪರಿಹಾರವಾಗಿ ಕುದುರೆಯ ಸೀರಂಗೆ ಬದಲಾಯಿಸುವ ಸಲಹೆ ಬಂತು, ಅನೇಕ ಪ್ರಯೋಗಾಲಯಗಳಲ್ಲಿ ಅದು ಬಳಕೆಯಲ್ಲಿಯೂ ಇದೆ. ಆದರೆ 1998ರಲ್ಲಿ ವಿವರಿಸಲಾದ ನಿಯೋಸ್ಪೋರಾ ಹ್ಯೂಸೈ ಎಂಬ ಹತ್ತಿರದ ಸಂಬಂಧಿ ಕುದುರೆಗಳಲ್ಲಿರುತ್ತದೆ, ಅದರ ವಿರುದ್ಧದ ಪ್ರತಿಕಾಯಗಳು ನಮ್ಮ ಜೀವಿಯನ್ನೂ ಹಿಡಿಯುತ್ತವೆ. ಬೆಳೆದ ಪ್ರಾಣಿಯ ಸೀರಂ ಆದ್ದರಿಂದ ಅಪಾಯ ಅಲ್ಲಿಯೂ ಇದೆ. ಪರೀಕ್ಷೆಯಿಂದ ವಿನಾಯಿತಿ ಸಿಗುವುದಿಲ್ಲ. ಹಾಗಾಗಿ ಭ್ರೂಣಕರುವಿನ ಸೀರಂನಲ್ಲೇ ಉಳಿದು, ಬೇರೆ ಬೇರೆ ತಯಾರಿಕಾ ಸಂಖ್ಯೆಗಳ ಸಣ್ಣ ಮಾದರಿಗಳನ್ನು ತರಿಸಿಕೊಂಡು, ಪ್ರತಿಯೊಂದಕ್ಕೂ 1:10ರಲ್ಲಿ ಪ್ರತಿದೀಪ್ತಿ ಪರೀಕ್ಷೆಯನ್ನೂ ಗುಂಡಿ ತಟ್ಟೆಯ ಸೋಂಕು ಪರೀಕ್ಷೆಯನ್ನೂ ಮಾಡಿ, ಎರಡರಲ್ಲೂ ತೇರ್ಗಡೆಯಾದ ಸಂಖ್ಯೆಯ ಬಾಟಲಿಗಳನ್ನೇ ಹೆಚ್ಚಿಗೆ ಕೊಂಡು ಮೈನಸ್ 20 ಡಿಗ್ರಿಯಲ್ಲಿ ಇಟ್ಟುಕೊಂಡೆ. ಹಳೆಯ ಸೀರಂ ವ್ಯರ್ಥವಾಗಲಿಲ್ಲ. ಸೋಂಕಿಲ್ಲದ ವೀರೋ ಕೋಶಗಳನ್ನು ಬೆಳೆಸಲು ಅದು ಚೆನ್ನಾಗಿಯೇ ಆಗುತ್ತದೆ, ಸೋಂಕು ಹಾಕುವ ಮುನ್ನ ಪದರವನ್ನು ಎರಡು ಬಾರಿ ತೊಳೆದರೆ ಸಾಕು.

ಈಗಿನ ಕ್ರಮ

ಹೊಸ ಸೀರಂ ಬಂದ ಮೇಲೆ ಕೃಷಿ ತನ್ನ ಲಯ ಹಿಡಿದಿದೆ. ಸೋಂಕಿತ ಫ್ಲಾಸ್ಕುಗಳಿಗೆ 2 ಶೇಕಡ ಸೀರಂ ಮಾತ್ರ ಕೊಡುತ್ತೇನೆ. ವೀರೋ ಕೋಶಗಳು ಅಷ್ಟರಲ್ಲಿ ಬದುಕುತ್ತವೆಯಾದರೂ ವೇಗವಾಗಿ ವಿಭಜಿಸುವುದಿಲ್ಲ, ಹೀಗಾಗಿ ಪರೋಪಜೀವಿಗೆ ಪೈಪೋಟಿ ಇಲ್ಲದೆ ಮೂರರಿಂದ ನಾಲ್ಕು ದಿನಗಳಲ್ಲಿ ಪದರ ಪೂರ್ತಿ ತುಂಬಿಕೊಳ್ಳುತ್ತದೆ. ಕೋಶಗಳಲ್ಲಿ ಮುಕ್ಕಾಲು ಪಾಲು ತುಂಬಿದ ಗುಳ್ಳೆಗಳನ್ನು ಹೊತ್ತು, ಒಡೆದವು ಇನ್ನೂ ಕೆಲವೇ ಇರುವ ಹೊತ್ತನ್ನು ನೋಡಿ ಕೆರೆಯುತ್ತೇನೆ. ಆ ಹೊತ್ತು ಗಡಿಯಾರ ನೋಡಿ ಗೊತ್ತಾಗುವುದಿಲ್ಲ. ಬೆಳಿಗ್ಗೆ ಸಂಜೆ ಫ್ಲಾಸ್ಕನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡುವವರಿಗಷ್ಟೇ ಗೊತ್ತಾಗುತ್ತದೆ, ಮತ್ತು ಆ ನೋಟ ಈ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ.

ದಾಸ್ತಾನಿನ ವಿಷಯದಲ್ಲಿ ಒಂದು ನಿರ್ಧಾರ ಮೊದಲೇ ಮಾಡಬೇಕು. ಕೋಶ ಕೃಷಿಯಲ್ಲಿ ದೀರ್ಘಕಾಲ ವರ್ಗಾಯಿಸುತ್ತ ಹೋದರೆ ನಿಯೋಸ್ಪೋರಾ ಕೃಷಿಗೆ ಹೊಂದಿಕೊಂಡು ವೇಗವಾಗಿ ಬೆಳೆಯತೊಡಗುತ್ತದೆ, ಪ್ರಾಣಿಗಳಲ್ಲಿ ರೋಗ ತರುವ ಕಸುವು ಮಾತ್ರ ಕುಂದುತ್ತದೆ. ಸ್ಲೈಡಿಗೆ ಇದರಿಂದ ತೊಂದರೆಯಿಲ್ಲ. ಔಷಧ ಪರೀಕ್ಷೆಯಲ್ಲಿ ಇಂದಿನ ಫಲಿತಾಂಶವನ್ನು ಮುಂದೆಂದೋ ಬರುವ ಫಲಿತಾಂಶದೊಡನೆ ಹೋಲಿಸಬೇಕಾದರೆ ತೊಂದರೆಯಿದೆ. ಆದ್ದರಿಂದ ಕೃಷಿ ಸರಿಹೋದೊಡನೆ, ವರ್ಗಾವಣೆಗಳು ಇನ್ನೂ ಕಡಿಮೆ ಇರುವಾಗಲೇ, ಕುಪ್ಪಿಗಳ ಒಂದು ತಾಯಿದಾಸ್ತಾನನ್ನು ಮಾಡಿ, ಪ್ರತಿ ಕುಪ್ಪಿಯ ಮೇಲೂ ತಳಿ, ವರ್ಗಾವಣೆಯ ಸಂಖ್ಯೆ, ದಿನಾಂಕ ಮತ್ತು ಸೀರಂನ ತಯಾರಿಕಾ ಸಂಖ್ಯೆ ಬರೆದಿಟ್ಟೆ. ನಿರ್ದಿಷ್ಟ ವರ್ಗಾವಣೆ ತಲುಪಿದ ಕೃಷಿಯನ್ನು ಕೊನೆಗೊಳಿಸಿ ದಾಸ್ತಾನಿನಿಂದ ಹೊಸ ಕುಪ್ಪಿ ಎಬ್ಬಿಸುವುದೇ ಈಗಿನ ಪದ್ಧತಿ.

ಹೆಪ್ಪುಗಟ್ಟಿಸುವಾಗ ಬಿಡಿ ಟ್ಯಾಕಿಜೋಯಿಟ್‌ಗಳಿಗಿಂತ ತುಂಬಿದ ಗುಳ್ಳೆಗಳಿರುವ ಕೋಶಗಳನ್ನೇ ಇಡಲು ನಾನು ಬಯಸುತ್ತೇನೆ. ಕರಗಿಸಿದಾಗ ಕೋಶ ಉಳಿಯದಿದ್ದರೂ ಅದರೊಳಗಿದ್ದ ಜೀವಿಗಳಲ್ಲಿ ಸಾಕಷ್ಟು ಉಳಿದಿರುವುದನ್ನು ಕಂಡಿದ್ದೇನೆ. 90 ಶೇಕಡ ಪರೀಕ್ಷಿತ ಸೀರಂ, 10 ಶೇಕಡ ಡಿಎಂಎಸ್ಒ. ಐಸೊಪ್ರೊಪನಾಲ್ ತುಂಬಿದ ಡಬ್ಬಿಯಲ್ಲಿಟ್ಟು ನಿಮಿಷಕ್ಕೆ ಸುಮಾರು ಒಂದು ಡಿಗ್ರಿಯಂತೆ ಮೈನಸ್ 80ಕ್ಕೆ ಇಳಿಸಿ, ಮರುದಿನ ದ್ರವ ಸಾರಜನಕಕ್ಕೆ ವರ್ಗಾಯಿಸುತ್ತೇನೆ. ಹೆಪ್ಪುಗಟ್ಟಿಸುವ ದ್ರಾವಣದಲ್ಲಿ ಸೀರಂ ಪ್ರಮಾಣ ಎಷ್ಟು ಹೆಚ್ಚೆಂದು ನೋಡಿದರೆ, ಪರೀಕ್ಷಿಸದ ಸೀರಂ ಇಲ್ಲಿ ಬಂದರೆ ಆಗುವ ಹಾನಿ ಫ್ಲಾಸ್ಕಿನಲ್ಲಿ ಆಗುವುದಕ್ಕಿಂತ ದೊಡ್ಡದು.

ದಾಸ್ತಾನು ಗಟ್ಟಿಯಾಗಿದೆಯೇ ಎಂಬುದನ್ನು ಟ್ರಿಪಾನ್ ನೀಲಿಯ ಮೇಲೆ ಬಿಡಲಿಲ್ಲ. ಹೊರಪೊರೆ ಹರಿದಿಲ್ಲವೆಂದಷ್ಟೇ ಆ ಬಣ್ಣ ಹೇಳುತ್ತದೆ. ಜೀವಿ ಕೋಶವನ್ನು ಹೊಗಬಲ್ಲದೇ ಎಂಬುದನ್ನು ಹೇಳುವುದಿಲ್ಲ, ಕುಂಠಿತವಾದ ಕೃಷಿಯಲ್ಲಿಯೂ ಅದು ಒಳ್ಳೆಯ ಫಲಿತಾಂಶವನ್ನೇ ತೋರಿತ್ತು. ಬದಲಾಗಿ ಒಂದು ಕುಪ್ಪಿಯನ್ನು ಕರಗಿಸಿ, ಎಣಿಸಿದ ಕೆಲವೇ ನೂರು ಜೀವಿಗಳನ್ನು ತುಂಬು ಪದರಕ್ಕೆ ಹಾಕಿ, ಅಲುಗಿಸದೆ ಒಂದು ವಾರ ಇನ್‌ಕ್ಯುಬೇಟರಿನಲ್ಲಿ ಬಿಟ್ಟು, ಸ್ಥಿರಗೊಳಿಸಿ ಕ್ರಿಸ್ಟಲ್ ವಯೊಲೆಟ್ ಹಾಕಿದೆ. ಒಳಹೊಕ್ಕು, ಬೆಳೆದು, ಒಡೆದು, ಮತ್ತೆ ಒಳಹೊಗುವ ಚಕ್ರ ಹಲವು ಬಾರಿ ತಿರುಗಿದರೆ ಮಾತ್ರ ನೇರಳೆ ಪದರದಲ್ಲಿ ಕಣ್ಣಿಗೆ ಕಾಣುವಷ್ಟು ದೊಡ್ಡ ಬಿಳಿ ತೂತುಗಳು ಮೂಡುತ್ತವೆ. ಪರೀಕ್ಷಿತ ಸೀರಂ ಕೊಟ್ಟ ಗುಂಡಿಗಳಲ್ಲಿ ಅವು ದುಂಡಗೆ, ಅಂಚು ಸ್ಪಷ್ಟವಾಗಿ ಮೂಡಿದ್ದವು. ಹೋಲಿಕೆಗೆಂದು ಹಳೆಯ ಸೀರಂ ಕೊಟ್ಟ ಗುಂಡಿಗಳಲ್ಲಿ ಪದರ ಅಖಂಡವಾಗಿತ್ತು. ಇನ್ನು ಮುಂದೆ ಕೊಳ್ಳುವ ಪ್ರತಿಯೊಂದು ಸೀರಂ ತಯಾರಿಕಾ ಸಂಖ್ಯೆಗೂ ಇದೇ ತಟ್ಟೆಯನ್ನು ನಡೆಸಿ, ಅದರ ಫೋಟೋವನ್ನು ದಾಸ್ತಾನು ಪುಸ್ತಕಕ್ಕೆ ಅಂಟಿಸಿದ ಮೇಲೆಯೇ ಬಾಟಲಿಯನ್ನು ಪರೋಪಜೀವಿಯ ಕೆಲಸಕ್ಕೆ ಬಿಡುಗಡೆ ಮಾಡುತ್ತೇವೆ.